ಕಿಟಕಿ ತೆರೆದಿಟ್ಟು ಮನೆ ಬೆಚ್ಚಗಿಡುವ ಬಗೆ

ಮನೆ ಬೆಚ್ಚಗಿಡುವ ಯೋಜನೆಯ ನಿರ್ದೇಶಕರಾದ ಮಾನ್ಯರೇ,

ಬರುವ ತಿಂಗಳು ನಿಮ್ಮ ಜನ ನಮ್ಮ ಬೀದಿಯ ಎಲ್ಲ ಮನೆಗಳ ಗೋಡೆಗಳೊಳಗೆ ಫೋಮ್, ಅಂದರೆ ಹೊಡೆದೊಡನೆ ಉಬ್ಬಿ ಗಟ್ಟಿಯಾಗುವ ರಾಸಾಯನಿಕ ನೊರೆ, ತುಂಬಲು ಬರುತ್ತಾರಂತೆ. ಆ ಗೋಡೆಗಳ ನಡುವೆ ಉಸಿರಾಡುವವರನ್ನು ನೀವು ಒಂದು ಮಾತೂ ಕೇಳಿಲ್ಲ. ಅದೇ ಫೋಮ್ ನಮ್ಮ ಅಟ್ಟದಲ್ಲಿ ಏನು ಮಾಡಿತೆಂದು ನಿಮ್ಮ ಕಚೇರಿಗೆ ಹಲವು ಸಲ ಹೇಳಿದ್ದೇನೆ. ಮೆಲ್ಲಗೆ ಹೇಳಿದ್ದು ಕೇಳಿಸದವರಿಗೆ ಊರೆಲ್ಲ ಕೇಳುವಂತೆ ಹೇಳುವುದೊಂದೇ ದಾರಿ.

ಕೇಪ್ ಬ್ರೆಟನ್ ದ್ವೀಪದ ಗಣಿ ಊರಿನವಳು ನಾನು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ನಮ್ಮದು ಗಣಿ ಕಂಪನಿ ತನ್ನ ಕೆಲಸಗಾರರಿಗೆ ಕಟ್ಟಿಸಿದ ಜೋಡಿ ಮನೆ. ಮಾಡು ಒಂದೇ, ನಡುವೆ ಒಂದು ತೆಳುಗೋಡೆ. ಈಚೆ ನಾನು, ಆಚೆ ಸ್ಟಾನ್ ವೋಜ್ನಿ. ಅವನು ಹರೆಯದಿಂದ ಗಣಿ ಮುಚ್ಚುವವರೆಗೆ ಕಲ್ಲಿದ್ದಲು ಕಡಿದವನು. ಚಳಿಗಾಲದಲ್ಲಿ ಕಡಲ ಗಾಳಿ ನಮ್ಮಿಬ್ಬರ ಮನೆಗೂ ಗೋಡೆಯ ಸ್ವಿಚ್ಚಿನ ಸಂದಿಯಿಂದಲೂ ನುಗ್ಗುತ್ತಿತ್ತು. ಮನೆಗೆ ಶಾಖ ಹಿಡಿದಿಡುವ ಹೊದಿಕೆ ಬೇಕಿತ್ತು, ನಿಜ. ಯಾವ ಹೊದಿಕೆ ಎಂಬುದಷ್ಟೇ ನನ್ನ ಪ್ರಶ್ನೆ.

ನಿಮ್ಮ ಸಲಹೆಗಾರ ನನ್ನ ಅಡುಗೆಮನೆಯಲ್ಲಿ ಕುಳಿತು ಚಹಾ ಕುಡಿದ. ಹಳೆಯ ಪತ್ರಿಕೆಗಳನ್ನು ಪುಡಿಮಾಡಿ, ಬೆಂಕಿ ತಗಲದಂತೆ ಲವಣ ಬೆರೆಸಿ ಅಟ್ಟದಲ್ಲಿ ಹರಡುತ್ತಾರಲ್ಲ, ಆ ಕಾಗದದ ಹತ್ತಿಯೇ ನಮಗೂ ಇರಲಿ ಎಂದೆ. ನನ್ನ ತಮ್ಮನ ಮನೆಯಲ್ಲಿ ಅದೇ ಇದೆ.

"ಅದೆಲ್ಲ ಹಳೇ ಕಾಲದ್ದು ಮೇಡಂ," ಎಂದ. "ಫೋಮ್ ಹೊಡೆದ್ರೆ ಒಂದೆಳೆ ಗಾಳೀನೂ ಒಳಗೆ ಬರಲ್ಲ. ನಮ್ಮ ಯೋಜನೇಲಿ ಇರೋದೂ ಅದೊಂದೇ."

"ಒಂದೆಳೆ ಗಾಳೀನೂ ಬರ್ದಿದ್ರೆ ಒಳಗಿರೋರು ಏನು ಮಾಡ್ಬೇಕಪ್ಪಾ?"

ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ. ಮಾಡು ಒಂದೇ ಆದ್ದರಿಂದ ಮಾಡಿಸಿದರೆ ಎರಡೂ ಮನೆ, ಇಲ್ಲವಾದರೆ ಎರಡೂ ಇಲ್ಲ ಎಂದು ಹೇಳಿ ಹೋದ. ಆ ಸಂಜೆ ಸ್ಟಾನ್ ಬಂದ.

"ಒಪ್ಕೊಂಬಿಡು ರೋಡಾ. ಹೋದ ಚಳೀಲಿ ಬೂಟು ಹಾಕ್ಕೊಂಡೇ ಮಲಗಿದ್ದೀನಿ. ಹೀಗೇ ಸತ್ರೆ ಹೆಣಕ್ಕೆ ಬೂಟು ತೊಡಿಸೋ ಕೆಲಸ ಒಂದು ತಪ್ಪುತ್ತೆ ನಿಮ್ಗೆ, ಅಷ್ಟೇ."

ಒಪ್ಪಿದೆವು.

ಫೋಮ್ ಹೊಡೆಯಲು ಬಂದದ್ದು ಜನವರಿಯಲ್ಲಿ, ಹಿಮ ಬೆರೆತ ಮಳೆ ಸುರಿಯುತ್ತಿದ್ದ ದಿನ. ಮಾಡಿನ ಹಲಗೆಗಳು ಒದ್ದೆಯಾಗಿವೆ, ಒಣಗಲಿ ಎಂದೆ. ಅವರಿಗೆ ಮುಂದಿನ ಮನೆಯ ಅವಸರ. ಅವರು ಹೋದ ಮೇಲೆ ಕೊಳೆತ ಮೀನಿನ ನಾತ ಶುರುವಾಯಿತು. ನಾವು ಕಡಲ ದಡದವರು. ಕೊಳೆತದ್ದು ಯಾವ ಮೀನೆಂದು ಬಾಗಿಲಲ್ಲೇ ಹೇಳಬಲ್ಲೆವು. ಇಂಥ ಮೀನು ಯಾವ ಕಡಲಲ್ಲೂ ಇಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಕಿಟಕಿ ತೆಗೆದಿಡಿ ಅಮ್ಮಾ, ಹೋಗುತ್ತೆ."

ಜನವರಿಯಲ್ಲಿ! ಮಾನ್ಯರೇ, ಶಾಖ ಹೊರಹೋಗದಿರಲೆಂದು ಹೊದಿಕೆ, ಹೊದಿಕೆಯ ನಾತ ಹೊರಹೋಗಲೆಂದು ತೆರೆದ ಕಿಟಕಿ. ಇಡೀ ಬೀದಿಯನ್ನು ಬೆಚ್ಚಗಿಡುವುದೇ ಯೋಜನೆಯ ಗುಟ್ಟಾಗಿದ್ದರೆ ಮೊದಲೇ ಹೇಳಬಹುದಿತ್ತಲ್ಲ?

ತೆಳುಗೋಡೆಯ ದೆಸೆಯಿಂದ ಸ್ಟಾನನ ಕೆಮ್ಮು ನನಗೆ ಬಾಯಿಪಾಠ. ಅವನು ಮೆಟ್ಟಿಲು ಹತ್ತುತ್ತಿದ್ದಾನೋ ಕುಳಿತಿದ್ದಾನೋ ಕೆಮ್ಮಿನಿಂದಲೇ ತಿಳಿಯುತ್ತಿತ್ತು. ಆ ಕೆಮ್ಮು ಬದಲಾಯಿತು; ಕೊನೆಗೊಂದು ಸಿಳ್ಳೆ ಸೇರಿತು. ಒಂದು ಬೆಳಿಗ್ಗೆ ಗೋಡೆ ಬಡಿದ ಸದ್ದಾಯಿತು. ಓಡಿಹೋಗಿ ನೋಡಿದರೆ ನಡು ಮೆಟ್ಟಿಲಲ್ಲಿ ಕುಳಿತಿದ್ದಾನೆ, ತುಟಿ ನೀಲಿಗಟ್ಟಿದೆ.

"ಮೆಟ್ಟಿಲು ಉದ್ದ ಆಗ್ಬಿಟ್ಟಿದೆ ಕಣೆ ರೋಡಾ," ಎಂದ.

ಆಂಬುಲೆನ್ಸ್ ಬಂತು. ನಾತ ಇರುವವರೆಗೆ ಆ ಮನೆಗೆ ಕಾಲಿಡಬೇಡ ಎಂದರು ವೈದ್ಯರು. ತನ್ನ ಸ್ವಂತ ಮನೆಯಿದ್ದವನು ಇಗರ್ಜಿಯ ನೆಲಮಾಳಿಗೆಯಲ್ಲಿ, ಬಿಂಗೊ ಆಟದ ಮೇಜುಗಳ ಪಕ್ಕದಲ್ಲಿ ಮಂಚ ಹಾಕಿಕೊಂಡ.

ಆಗ ನಿಮ್ಮ ಪರೀಕ್ಷಕ ಬಂದ. ಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ ಗಾಳಿ ಸೋರುವುದನ್ನು ಅಳೆದು, "ಬೀದಿಗೆಲ್ಲ ನಿಮ್ಮನೇನೇ ಫಸ್ಟು," ಎಂದ. ನಾತದ ಗತಿ ಏನೆಂದು ಕೇಳಿದೆ. ಜಾಕೆಟ್ಟಿನ ಜಿಪ್ಪನ್ನು ಮೂಗಿನವರೆಗೆ ಎಳೆದುಕೊಂಡು, ಹೊರಗಿನ ಜಗಲಿಯ ಮೇಲೆ ನಿಂತು, "ನನಗೇನೂ ಬರ್ತಿಲ್ವಲ್ಲ," ಎಂದ. ಮನೆ ಪಾಸಾಯಿತು. ಮನೆಯವನು ಫೇಲಾದ.

ನಿಮ್ಮ ಕಚೇರಿಯ ಉತ್ತರವೂ ಬಂತು: ಸದರಿ ವ್ಯಕ್ತಿಯ ಕಾಯಿಲೆಗೆ ಕಲ್ಲಿದ್ದಲಿನ ಧೂಳು ಕಾರಣ, ಫೋಮ್ ಅಲ್ಲ. ಎಂಥ ಸೊಗಸು! ಸ್ಟಾನ್ ಗಣಿಯಲ್ಲಿದ್ದಾಗ ಕಂಪನಿಯವರು, ನಿನ್ನ ಕೆಮ್ಮಿಗೆ ತಂಬಾಕು ಕಾರಣ, ಕಲ್ಲಿದ್ದಲಲ್ಲ ಎಂದಿದ್ದರು. ಅವನು ದುಡಿಯುವವರೆಗೆ ನಿರಪರಾಧಿಯಾಗಿದ್ದ ಕಲ್ಲಿದ್ದಲು, ಗಣಿ ಮುಚ್ಚಿದ ಮೇಲೆ ಅಪರಾಧಿಯಾಯಿತು. ಧೂಳು ತುಂಬಿದ ಎದೆ ಎಂದು ನಿಮಗೆ ಅಷ್ಟು ಚೆನ್ನಾಗಿ ಗೊತ್ತಿದ್ದರೆ, ಆ ಎದೆಯವನ ತಲೆಯ ಮೇಲೆ ಫೋಮ್ ಹೊಡೆಸುವ ಮುನ್ನ ಆ ಜ್ಞಾನ ಎಲ್ಲಿತ್ತು?

ಮೇ ತಿಂಗಳಲ್ಲಿ ನಾವೇ ಅಟ್ಟ ಹತ್ತಿದೆವು: ಇಗರ್ಜಿಯ ಹೆಂಗಸರು, ಹಳೆಯ ಗಣಿಯಾಳುಗಳು, ನಾನು. ಮುಖಗವಸು ಕಟ್ಟಿಕೊಂಡು ಫೋಮನ್ನು ಗರಗಸದಿಂದ ಕೊಯ್ದು, ಉಳಿಯಿಂದ ಕಿತ್ತೆವು. ಬೀದಿಯಾಚೆ ಕುರ್ಚಿ ಹಾಕಿಸಿಕೊಂಡು ಕುಳಿತ ಸ್ಟಾನ್ ಅಲ್ಲಿಂದಲೇ, "ಆ ಮೂಲೆ ಬಿಟ್ರಲ್ಲೋ, ನಿಮ್ಮನ್ನ ಗಣಿಗೆ ಇಳಿಸಿದ್ದೇ ತಪ್ಪು!" ಎಂದು ಬೈಯುತ್ತಿದ್ದ. ಫೋಮಿನ ಹಿಂದೆ ಹಲಗೆಗಳು ಹಸಿಯಾಗಿಯೇ ಇದ್ದವು, ಕಪ್ಪಿಟ್ಟಿದ್ದವು. ಅವನ್ನು ಬೇಸಿಗೆಯಿಡೀ ಒಣಗಿಸಿ, ಕಾಗದದ ಹತ್ತಿ ಹರಡಿದೆವು. ಸ್ಟಾನ್ ಮರಳಿ ಬಂದ. ಮುಂದಿನ ಚಳಿಗಾಲವೆಲ್ಲ ಬರಿಗಾಲಲ್ಲಿ ಮಲಗಿದ. ಆದರೆ ಆಕ್ಸಿಜನ್ ಕೊಳವೆ ಮೂಗಿನಿಂದ ಇಳಿದಿಲ್ಲ. ಇಳಿಯುವುದೂ ಇಲ್ಲವಂತೆ.

ನಾವು ಹರಡಿದ ಕಾಗದವನ್ನು ಲೆಕ್ಕಕ್ಕೇ ಹಿಡಿಯದೆ ಈಗ ಹೇಳುತ್ತೀರಿ, ನಮ್ಮದು ಹೊದಿಕೆಯೇ ಇಲ್ಲದ ಮನೆ, ಗೋಡೆಗೆ ಫೋಮ್ ತುಂಬಲೇಬೇಕು ಎಂದು. ನಾನು ಫೋಮಿನ ಹಗೆಯಲ್ಲ. ಒಣ ಹಲಗೆಗೆ, ಸಾವಧಾನವಾಗಿ ಹೊಡೆದ ಮನೆಗಳಲ್ಲಿ ನೆಮ್ಮದಿಯಾಗಿರುವವರನ್ನೂ ಬಲ್ಲೆ. ಆದರೆ ಕಾಗದವಿದೆ, ಕುರಿಯ ಉಣ್ಣೆಯಿದೆ, ಮರದ ನಾರಿದೆ. ಒಂದೇ ಅಳತೆಯ ಅಂಗಿಯನ್ನು ಊರಿಗೆಲ್ಲ ತೊಡಿಸುವ ದರ್ಜಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆದ್ದರಿಂದ ಈ ಕೆಲಸ ನಿಲ್ಲಿಸಿ. ಮನೆ ಎಂಥದು, ಒಳಗಿರುವವರು ಎಂಥವರು ಎಂದು ನೋಡಿ, ಹೊದಿಕೆ ಆರಿಸುವ ಹಕ್ಕನ್ನು ಅವರಿಗೇ ಕೊಡಿ. ನಿಮ್ಮ ಆಳುಗಳು ಹಾಗೆಯೇ ಬರುವುದಾದರೆ ಬರಲಿ. ನಮ್ಮ ಜಗಲಿಯ ಮೆಟ್ಟಿಲ ಮೇಲೆ ನಾನೂ ಸ್ಟಾನನೂ ಕುಳಿತಿರುತ್ತೇವೆ. ದಾರಿ ಬಿಡಿ ಎಂದರೆ ನಾನಾದರೂ ಎದ್ದೇನು. ಅವನಿಗೆ ಏಳಲು ಬಹಳ ಹೊತ್ತು ಬೇಕು.

ಇಂತಿ,
ಅರ್ಧ ಮನೆಯ ಪೂರ್ತಿ ಒಡತಿ,
ರೋಡಾ ಗೂತ್ರೋ