ಚೆಂಡು ಏನು ತಪ್ಪು ಮಾಡಿತ್ತು?

ಪಿ.ಟಿ. ಮೇಡಂ ಅವರಿಗೆ ಗುಬ್ಬಿಯ ಅಮ್ಮನ ನಮಸ್ಕಾರ.

ಮೊದಲ ದಿನ ನೀವು "ಚೆಂಡನ್ನ ಒದಿ, ಪುಟ್ಟಾ" ಅಂದಾಗ ನನ್ನ ಮಗಳು "ಯಾಕೆ? ಅದೇನು ತಪ್ಪು ಮಾಡ್ತು?" ಎಂದು ಕೇಳಿದಳಂತೆ. ಮಕ್ಕಳೆಲ್ಲ ನಕ್ಕರೂ ನೀವು ನಗಲಿಲ್ಲ, ಏನನ್ನೂ ಕೆದಕಲಿಲ್ಲ. ಒದೆ ಎಂದರೆ ತಪ್ಪು ಮಾಡಿದವರಿಗೆ ಬೀಳುವುದು ಎಂದೇ ಅವಳು ಮನೆಯಲ್ಲಿ ನೋಡಿ ಕಲಿತಿದ್ದಳು. ಅಡುಗೆಗೆ ಉಪ್ಪು ಹೆಚ್ಚಾದರೆ ಅದೂ ತಪ್ಪೇ.

"ಹಾಗಾದ್ರೆ ಒದೀಬೇಡ. ಚೆಂಡಿನ ಪಕ್ಕ ಒಂದು ಕಾಲು ಊರು, ಇನ್ನೊಂದು ಕಾಲಲ್ಲಿ ಅದನ್ನ ನಿನ್ನ ಗೆಳತಿ ಹತ್ರ ಕಳಿಸು" ಅಂದಿರಂತೆ. ಅಂದಿನಿಂದ ಕಳಿಸಿದ್ದೇ ಕಳಿಸಿದ್ದು! ನಾನು ಹೊಲಿಯಲು ಕೂತರೆ ದಾರದ ಉಂಡೆಯೂ ಮಂಚದ ಕೆಳಗೆ ಹೋಗಿರುತ್ತದೆ. ನಿಮ್ಮ ಉಪಕಾರ ಮರೆಯುವವಳಲ್ಲ ನಾನು.

ಎರಡು ಮಾತು ನಡೆಸಿಕೊಡಬೇಕು. ಅವಳ ಶೂ ಹಳೇ ಮನೆಯಲ್ಲೇ ಉಳಿದುಬಿಟ್ಟಿದೆ. ಅದನ್ನು ತರಲು ನಾವು ಇನ್ನು ಅಲ್ಲಿಗೆ ಹೋಗುವುದಿಲ್ಲ. ಹೊಸದು ಕೊಡಿಸುವವರೆಗೆ ಬರಿಗಾಲಲ್ಲಿ ಆಡಲು ಬಿಡಿ. ಇನ್ನೊಂದು, ಶಾಲೆ ಬಿಟ್ಟ ಮೇಲೆ ಅವಳನ್ನು ನನ್ನ ಜೊತೆ, ಇಲ್ಲವೇ ನಮ್ಮ ಅಕ್ಕನ ಜೊತೆ ಮಾತ್ರ ಕಳಿಸಿ. ಅವಳ ಅಪ್ಪ ಬಂದು ಎಷ್ಟೇ ಬೆಣ್ಣೆಯಂತೆ ಮಾತಾಡಿದರೂ ಕಳಿಸಬೇಡಿ. ನನಗೊಂದು ಫೋನ್ ಮಾಡಿ.

ನಿನ್ನೆ ಅವಳು ಬಾಗಿಲಿಂದಲೇ ಕೂಗುತ್ತಾ ಒಳಗೆ ಬಂದಳು: "ಅಮ್ಮಾ, ಇವತ್ತು ಚೆಂಡನ್ನ ಎಷ್ಟು ಜೋರಾಗಿ ಒದ್ದೆ ಗೊತ್ತಾ? ಯಾರೂ ಅಳ್ಲೇ ಇಲ್ಲ!"

ನಾನು ಅತ್ತದ್ದು ಬೇರೆ ಮಾತು.

ಇಂತಿ,
ನಿಮ್ಮ ಒಂದನೇ ಕ್ಲಾಸಿನ ಗುಬ್ಬಿಯ ಅಮ್ಮ