ಮಾತೆಯ ಸರದಿ

ಸಾನ್ ರೋಕೆ ಕೇರಿ, ಪೂರ್ವ ಸಮಾರ್
ಡಿಸೆಂಬರ್ ೩, ಮಂಗಳವಾರ

ಮುದ್ದಿನ ಮಗಳು ನೆನಿತಾಗೆ,

ಹೇಗಿದ್ದೀಯಮ್ಮ? ನೀನು ನೋಡಿಕೊಳ್ಳುತ್ತಿರುವ ಅಜ್ಜಿಯ ಮಂಡಿನೋವು ಕಡಿಮೆಯಾಯಿತೇ? ತೈವಾನಿನ ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು, ಚಿಕ್ಕಂದಿನಿಂದಲೂ ನಿನಗೆ ಕಿವಿನೋವಿನ ಕಾಟ. ನಾನೂ ನಿಮ್ಮಮ್ಮನೂ ಗಟ್ಟಿಮುಟ್ಟಾಗಿದ್ದೇವೆ. ಚಂಡಮಾರುತ ನನ್ನ ತೆಂಗಿನಮರಗಳನ್ನೆಲ್ಲ ಮಲಗಿಸಿತು. ಇನ್ನು ಕೆಲವು ವರ್ಷ ಊರಿಗೆ ನಾನಿಳಿಸುವ ಕಳ್ಳಿಲ್ಲ, ಹೆಂಗಸರಿಗೆ ಒಳಗೊಳಗೇ ಖುಷಿ. ಇಷ್ಟೆಲ್ಲ ಆದಮೇಲೂ ಅಮ್ಮ ಜಪಸರ ಹಿಡಿದು ಕೂತಿದ್ದಾಳಾ ಎಂದು ನೀನು ಫೋನಿನಲ್ಲಿ ಕೇಳಿದೆ, ಅಷ್ಟರಲ್ಲಿ ಲೈನು ಕಡಿದುಹೋಯಿತು. ಉತ್ತರ ಉದ್ದವಿದೆ, ಅದಕ್ಕೇ ಈ ಕಾಗದ.

ಚಂಡಮಾರುತ ಬಂದ ವಾರ ಮಾತೆ ಮರಿಯಳ ಪ್ರತಿಮೆ ನಮ್ಮ ಮನೆಯಲ್ಲೇ ಇತ್ತು. ಮನೆಗೊಂದು ವಾರ, ಭಾನುವಾರ ಮುಂದಿನ ಮನೆಗೆ ಮೆರವಣಿಗೆ, ನಿನಗೆ ಗೊತ್ತಿರುವುದೇ. ಗಾಳಿಯೆದ್ದು ಎಲ್ಲರೂ ಆಸರೆಗೆ ಶಾಲೆಗೆ ಓಡುವಾಗ ನಾನು ನನ್ನ ಕಾಳಗದ ಹುಂಜ ಎತ್ತಿಕೊಂಡೆ, ನಿಮ್ಮಮ್ಮ ಪ್ರತಿಮೆಯನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡಳು. ಶಾಲೆಯ ಛಾವಣಿಯೂ ಹಾರಿಹೋದಾಗ ಗಂಡಸರೇ ಕಿರುಚಿಕೊಂಡರು, ಅವರಲ್ಲಿ ನಿಮ್ಮಪ್ಪನೂ ಒಬ್ಬ. ಅವಳು ಗೋಡೆಗೊರಗಿ ಜಪ ಶುರುಮಾಡಿದಳು. ಪಕ್ಕದಲ್ಲಿ ಬಾಣಂತಿ ಹೆಂಡತಿಯನ್ನು ತಬ್ಬಿ ಕೂತಿದ್ದ ಮೀನುಗಾರ ಅಂಬೋ ರೇಗಿಬಿಟ್ಟ: "ಅಕ್ಕಾ, ನಿಮ್ಮ ಮಾತೆಗೆ ಹೇಳಿ, ಆ ತಗಡನ್ನಾದ್ರೂ ಹಿಡ್ಕೊಳ್ಳಲಿ!" ನಿಮ್ಮಮ್ಮ ಕಣ್ಣು ಸಹ ಬಿಡಲಿಲ್ಲ. "ತಗಡು ಹಿಡಿಯೋಕೆ ದೇವರು ನಿನಗೇ ಎರಡು ಕೈ ಕೊಟ್ಟಿದಾನಲ್ಲೋ. ಈಗ ಮಗೂನ ಹಿಡ್ಕೊಂಡು ಬಾಯಲ್ಲಿ ಜಪ ಹೇಳು" ಎಂದಳು. ಅವನು ಗೊಣಗುತ್ತಲೇ ಹೇಳಿದ.

ತೀರಿಕೊಂಡವರನ್ನು ಮಣ್ಣು ಮಾಡಿದೆವು. ಭಾನುವಾರ ಬಂತು. ಸರದಿ ಯಾರದು ಗೊತ್ತೇ? ಅಂಬೋನದೇ! ಮನೆ ಎನ್ನಲು ಉಳಿದಿದ್ದು ನಾಲ್ಕು ಕಂಬ, ಒಂದು ಬಿದಿರಿನ ಅಟ್ಟಣೆ. "ನನ್ನ ಬಿಟ್ಟು ಮುಂದೆ ಹೋಗಿ ಅಕ್ಕಾ, ಇಲ್ಲೇನಿದೆ ಮಾತೆಗೆ?" ಎಂದು ತಲೆ ತಗ್ಗಿಸಿದ. ಊರವರೂ ಈ ವಾರ ಮೆರವಣಿಗೆ ಬೇಡವೆಂದರು. ನಿಮ್ಮಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಗಟ್ಟಿ ಮನೆಗಷ್ಟೇ ಹೋಗೋಕೆ ಅವಳೇನು ಮೇಯರ್ ಹೆಂಡ್ತೀನಾ? ಕೊಟ್ಟಿಗೇಲಿ ಹೆತ್ತವಳು ಅವಳು. ನಡೀರಿ!"

ಮೇಣದಬತ್ತಿಯೂ ಇಲ್ಲದ ಮೆರವಣಿಗೆ. ಪ್ರತಿಮೆಯನ್ನು ಬಾಣಂತಿಯ ಪಕ್ಕ ಇಟ್ಟಳು. ಜಪ ಮುಗಿಯುವಷ್ಟರಲ್ಲಿ ಹನಿ ಬಿತ್ತು. ಮಾತೆಯನ್ನು ಮಳೆಯಲ್ಲಿ ಬಿಟ್ಟು ಹೋಗುವುದು ಹೇಗೆ? ಯಾರಿಗೂ ಕಾಲು ಬರಲಿಲ್ಲ. ಒಬ್ಬ ಸೊಟ್ಟ ತಗಡು ತಂದ, ಇನ್ನೊಬ್ಬ ಹಳೇ ಮೊಳೆಗಳನ್ನು ಬಡಿದು ನೆಟ್ಟಗೆ ಮಾಡಿದ, ನಾನು ಬಿದ್ದ ತೆಂಗಿನಮರ ಸೀಳಿ ಜಂತಿ ಮಾಡಿದೆ. ಕತ್ತಲಾಗುವ ಹೊತ್ತಿಗೆ ಅಂಬೋನ ಮನೆಗೆ ಸೂರಾಗಿತ್ತು. ಅದರ ಮೇಲೆ ಕೂತು ಅವನು ಗೊಳೋ ಎಂದು ಅತ್ತ. ಮುಂದಿನ ಭಾನುವಾರ ವಿಧವೆ ತಿನಾಯ್ ಮನೆ, ಅಲ್ಲಿಗೆ ಎಲ್ಲರಿಗಿಂತ ಮೊದಲು ಸುತ್ತಿಗೆ ಹಿಡಿದು ಬಂದವನು ಅಂಬೋನೇ. ಹೀಗೆ ವಾರಕ್ಕೊಂದು ಸೂರು ಏಳುತ್ತಿದೆ. ನಿಮ್ಮಮ್ಮನ ಹಿಂದೆ ಆ ಮೆರವಣಿಗೆಯಲ್ಲಿ ನಡೆಯುವಾಗ ನನ್ನ ಎದೆ ಉಬ್ಬಿಹೋಗುತ್ತದೆ ಕಣಮ್ಮ. ಇವಳು ನನ್ನ ಹೆಂಡತಿ ಎಂದು ಕೂಗಿ ಹೇಳಬೇಕೆನಿಸುತ್ತದೆ. ಕೂಗಿದರೆ ಬೈಸಿಕೊಳ್ಳಬೇಕು.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾತೆ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ತೆಬಾನ್

ತಾ.ಕ.: ನಿಮ್ಮಮ್ಮ ನೀರಿಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ನಿನಗೆ ಹೇಳಕೂಡದೆಂದು ಆಣೆ ಹಾಕಿಸಿದ್ದಾಳೆ. ನಮ್ಮ ಮನೆಗೂ ಸೂರಿಲ್ಲ, ಟಾರ್ಪಾಲಿನ ಕೆಳಗೆ ಕೂತಿದ್ದೇನೆ. ಆ ಮೊದಲ ಭಾನುವಾರ ಊರವರು ಪ್ರತಿಮೆ ಇಲ್ಲೇ ಇರಲಿ, ಮೊದಲು ನಿಮಗೇ ಸೂರು ಹಾಕುತ್ತೇವೆ ಎಂದರು. ಬಾಣಂತಿ ಇರುವ ಮನೆ ಮೊದಲು ಎಂದು ಇವಳು ಒಪ್ಪಲಿಲ್ಲ. ಈಗ ಸಾಲಿನಲ್ಲಿ ನಾವೇ ಕೊನೆ, ಈಸ್ಟರ್ ಹೊತ್ತಿಗೆ ನಮ್ಮ ಸರದಿ ಬರಬಹುದು. ನಿನ್ನೆ ಅಂಬೋ ಏಣಿ ಹೊತ್ತು ಬಂದರೆ ಸಾಲು ತಪ್ಪಿಸಬೇಡ ಎಂದು ಗದರಿ ಕಳಿಸಿದಳು. ಅವಳ ಜಪವನ್ನು ಪಕ್ಕದಲ್ಲೇ ಮಲಗಿ ಕೇಳುತ್ತೇನೆ ಮಗಳೇ, ಒಂದು ದಿನವೂ ಸೂರು ಬೇಡಿಲ್ಲ. ಅವಳು ಬೇಡುವುದು ನಿನ್ನನ್ನು. ಸೂರು ಊರವರ ಕೈಲಿದೆ, ಇದು ಮಾತ್ರ ನಿನ್ನ ಕೈಲಿದೆ. ಈಸ್ಟರಿಗೆ ಬಾರಮ್ಮ.