ಪುದೀನಾ ಬಾಗಲದಾಗ ಬ್ಯಾಡ

ಮುಜಾಫರಾ,

ನಾ ಮಾಳಮಡ್ಡಿಗೆ ಕೆಲಸಕ್ಕ ಹೊಂಟೇನಿ. ಗ್ಯಾರೇಜಿನಿಂದ ಬಂದಾವನ ಹಿತ್ತಲದ ಹಸಿರುಮನ್ಯಾಗ ಕುಂಡ ಇಡೋ ಸ್ಟ್ಯಾಂಡ್ ವೆಲ್ಡಿಂಗ್ ಶುರು ಮಾಡಬ್ಯಾಡ, ಮೊದಲ ಇದನ್ನ ಓದು. ನೆಲದ ಮ್ಯಾಲೆ ನೀ ಎಳದಿದ್ದ ಸುಣ್ಣದ ಗೆರಿ ಅಳಿಸೇನಿ. ಈಗ ಇರೋವು ನನ್ನವು. ಅದರ ಪ್ರಕಾರನ ಮಾಡು.

ನಡುವಿನ ದಾರಿ ನೀ ನಿನ್ನ ಸೊಂಟಾ ನೋಡಿ ಅಳದಿದ್ದಿ. ನಾ ಅಮ್ಮಿ ವಾಕರ್ ಒಯ್ದಿಟ್ಟು ಗೆರಿ ಎಳದೇನಿ. ಒಂದು ಸ್ಟ್ಯಾಂಡ್ ಕಡಿಮಿ ಆದ್ರ ಆಗವಲ್ದ್ಯಾಕ.

ಟೊಮ್ಯಾಟೊ ಉತ್ತರದ ಬಾಜೂಕ ಇರಲಿ. ಮುಂದ ಇಟ್ರ ಅದರ ನೆರಳು ಕೊತ್ತಂಬರಿ ಮ್ಯಾಲೆ ಬೀಳ್ತೈತಿ. ಕರೇ ಬ್ಯಾರೆಲ್‌ಗೆ ನೀರು ತುಂಬಿ ಅಲ್ಲೇ ಇಡು. ಹಗಲ ಬಿಸಲಿಗೆ ಕಾದ ನೀರು ರಾತ್ರಿ ಥಂಡಿಗೆ ಸಾಕು. ಹೀಟರಿನ ಮಾತು ಮತ್ತ ತಗೀಬ್ಯಾಡ.

ಅಮ್ಮಿಗೆ ತ್ರಾಸ ಆಗಬಾರದಂತ ನೀ ಪುದೀನಾಕ್ಕ ಬಾಗಲದಾಗ ಜಾಗಾ ಮಾಡಿದ್ದಿ. ನಿನ್ನ ಪ್ರೀತಿ ಖರೇ, ಆದ್ರ ಪುದೀನಾದ ಜಾಗಾ ನಾ ಕಟ್ಟಕಡೀಗೆ ಒಯ್ದೇನಿ. ಕಾಲು ಮುರಕೊಂಡ ಮ್ಯಾಲೆ ಅಕಿ ಪಡಸಾಲಿ ದಾಟಿಲ್ಲ. ಕಾಲು ಕೂಡಿದ ಮ್ಯಾಲೂ ಎಲ್ಲಾ ಕೈಗೇ ತಂದು ಕೊಟ್ಟು ಅಕಿನ್ನ ಕುಂದರಿಸಿದವರು ನಾವ.

ಮುಂಜಾನೆ ಅಕಿಗೆ ಹೇಳಿದೆ: "ಪುದೀನಾ ಹಸಿರುಮನ್ಯಾಗ ಕಟ್ಟಕಡೀಗೆ ಇರತೈತಿ. ಚಟ್ನಿ ಬೇಕಾದ್ರ ನೀನ ಹೋಗಿ ಹರಕೊಂಡು ಬಾ."

"ನಿನ್ನ ಬುದ್ಧಿ ಹುಲ್ಲು ಮೇಯಾಕ ಹೋಗೈತೇನು?" ಅಂತ ಬೈದ್ಲು. ಸಿಟ್ಟಿಲೇ ಚಾ ಕುಡದ್ಲು. ಆಮ್ಯಾಲೆ ತನ್ನ ಚಪ್ಪಲಿ ಎಲ್ಲಿ ಅದಾವ ಅಂತ ಕೇಳಿದ್ಲು.

ಇನ್ನ ಯಾಕ ಬೇಕಂತ ನೀ ಕಪಾಟಿನ ಮ್ಯಾಲೆ ಎತ್ತಿಟ್ಟಿದ್ದಿ. ಲಗೂ ಇಳಿಸಿ, ಧೂಳಾ ಒರಸಿ, ಹಿತ್ತಲ ಬಾಗಲಿಗೆ ಇಡು.

ಸುಲ್ತಾನಾ ಆಪಾ